ದೊಡ್ಡಮ್ಮನ ಫಾರ್ಮಲ್ಲಿ ಖಾಲಿ ಉಳಿದ ಸಾಲು

ದೊಡ್ಡಮ್ಮ ತೀರ್ಕೊಂಡು ಮೂರು ವರ್ಷ ಆಯ್ತು. ಮೊನ್ನೆ ಬೇರೆ ಯಾವ್ದೋ ಕಾಗದ ಹುಡುಕ್ತಾ ಇದ್ದಾಗ ಅವರ ಸಾವಿನ ಕಾರಣ ಬರೆದಿದ್ದ ಫಾರ್ಮಿನ ಜೆರಾಕ್ಸ್ ಕೈಗೆ ಸಿಕ್ತು, ಆವತ್ತು ಅದನ್ನ ಸರಿಯಾಗಿ ಓದೋ ಸ್ಥಿತಿಲಿ ಯಾರೂ ಇರ್ಲಿಲ್ಲ. ಈಗ ಕೂತು ಓದಿದೆ. ಎ ಅನ್ನೋ ಸಾಲಲ್ಲಿ 'ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್' ಅಂತ ಗೀಚಿದಾರೆ, ಅಂದ್ರೆ ಹೃದಯ, ಉಸಿರು ನಿಂತ್ಹೋಯ್ತು ಅಂತ. ಅದರ ಕೆಳಗೆ ಬಿ, ಸಿ ಅಂತ ಇನ್ನೆರಡು ಸಾಲು, ಎರಡೂ ಖಾಲಿ, ಮಧ್ಯೆ ಒಂದು ಓರೆ ಗೆರೆ ಎಳೆದಿದಾರೆ ಅಷ್ಟೆ. ನಾಲ್ಕು ವರ್ಷ ಸ್ತನ ಕ್ಯಾನ್ಸರ್ ಜೊತೆ ಗುದ್ದಾಡಿದ ಹೆಂಗಸು, ಕೀಮೋ ಆಗಿ ಕೂದಲು ಹೋಗಿ ಮತ್ತೆ ಬಂದು ಮತ್ತೆ ಹೋಗಿ, ಕೊನೆಗೆ ಬೆನ್ನುಮೂಳೆಗೆ ಹರಡಿ ಮಗ್ಗುಲು ಬದಲಾಯಿಸೋಕೂ ಆಗ್ದೆ ಒದ್ದಾಡಿದವರು, ಅವರ ಹಾಳೆಯಲ್ಲಿ ಕ್ಯಾನ್ಸರ್ ಅನ್ನೋ ಪದ ಒಂದು ಕಡೆನೂ ಇಲ್ಲ.

ಈ ಫಾರ್ಮನ್ನ ತುಂಬೋಕೆ ಒಂದು ಕ್ರಮ ಇದೆ. ಮೇಲಿನ ಸಾಲಲ್ಲಿ ಕೊನೇ ಗಳಿಗೆಲಿ ಏನಾಯ್ತು ಅಂತ, ಅದಕ್ಕೆ ಕಾರಣ ಏನು ಅಂತ ಕೆಳಗಿನ ಸಾಲಲ್ಲಿ, ಅದಕ್ಕೂ ಕಾರಣ ಇದ್ರೆ ಇನ್ನೂ ಕೆಳಗೆ. ಹೀಗೆ ಇಳೀತಾ ಹೋಗಿ ತಳದ ಸಾಲಲ್ಲಿ ಬರೋದೇ ಮೂಲ ಕಾಯಿಲೆ, ಲೆಕ್ಕಕ್ಕೆ ತಗೊಳ್ಳೋದು ಅದನ್ನೇ. ಹೃದಯ ನಿಂತ್ಹೋಯ್ತು ಅಂತ ಮಾತ್ರ ಬರೆದ್ರೆ ಸತ್ತೋದ್ರು ಅಂತ ಬರೆದ ಹಾಗೇ ಆಯ್ತು, ಯಾಕೆ ಅನ್ನೋದು ಬರ್ಲೇ ಇಲ್ಲ. ದೊಡ್ಡಮ್ಮ ಕ್ಯಾನ್ಸರ್ ಸಾವಿನ ಲೆಕ್ಕಕ್ಕೆ ಸೇರಲೇ ಇಲ್ಲ ಅನ್ನೋದು ಹೊಳೆದ ಮೇಲೆ ನಂಗೆ ಎರಡು ದಿನ ಸರಿಯಾಗಿ ನಿದ್ದೆ ಬರ್ಲಿಲ್ಲ. ಅಲ್ಲಿಂದ ಶುರು ಆಯ್ತು ನೋಡಿ ಓದೋದು, ಯಾವ ದೇಶದಲ್ಲಿ ಎಷ್ಟು ಜನ ಸಾಯ್ತಾರೆ, ಒಂದು ಕಡೆ ಹೆಚ್ಚು ಒಂದು ಕಡೆ ಕಮ್ಮಿ ಯಾಕೆ, ವರ್ಷದಿಂದ ವರ್ಷಕ್ಕೆ ಏನಾಗ್ತಿದೆ ಅಂತ.

2022ರ ಅಂದಾಜಿನ ಪ್ರಕಾರ ಜಗತ್ತಲ್ಲಿ ಆ ಒಂದೇ ವರ್ಷದಲ್ಲಿ ಸುಮಾರು 2 ಕೋಟಿ ಜನಕ್ಕೆ ಹೊಸದಾಗಿ ಕ್ಯಾನ್ಸರ್ ಬಂದಿದೆ, 97 ಲಕ್ಷ ಜನ ಅದ್ರಿಂದ ಸತ್ತಿದಾರೆ. ಅದ್ರಲ್ಲಿ 18 ಲಕ್ಷ ಶ್ವಾಸಕೋಶದ ಕ್ಯಾನ್ಸರೊಂದೇ. ಅಂದಾಜು ಅನ್ನೋ ಮಾತನ್ನ ಇಲ್ಲಿ ಒತ್ತಿ ಹೇಳ್ಬೇಕು, ಯಾಕಂದ್ರೆ ಎಷ್ಟೋ ದೇಶಗಳಲ್ಲಿ ಸಾವಿನ ನೋಂದಣಿನೇ ಪೂರ್ತಿ ಆಗಲ್ಲ, ನೋಂದಣಿ ಆದ್ರೂ ಕಾರಣದ ಸಾಲು ದೊಡ್ಡಮ್ಮನ ಹಾಳೆ ತರಾನೇ ಖಾಲಿ ಇರತ್ತೆ, ಆಗ ಅಕ್ಕಪಕ್ಕದ ದೇಶದ ಅಂಕಿ ಇಟ್ಕೊಂಡು ಲೆಕ್ಕ ಕಟ್ತಾರೆ. ಹಾಗಾಗಿ ಕ್ಯಾನ್ಸರ್ ಸಾವಿನ ನಕ್ಷೆಲಿ ಒಂದು ಜಾಗ ಸಾವು ಕಮ್ಮಿ ಅಂತ ತೋರಿಸೋ ತಿಳಿ ಬಣ್ಣದಲ್ಲಿದೆ ಅಂದ ತಕ್ಷಣ ಅಲ್ಲಿ ಜನ ಆರಾಮಾಗಿದಾರೆ ಅಂತ ಅಂದ್ಕೋಬೇಡಿ, ಅಲ್ಲಿ ಎಣಿಸೋರೇ ಇಲ್ದೆ ಇರಬಹುದು.

ಇನ್ನೊಂದು ಎಡವಟ್ಟು ವಯಸ್ಸಿನದ್ದು. ಗ್ರೂಪಲ್ಲಿ ಫಾರ್ವರ್ಡ್ ಆಗೋ ಎಷ್ಟೋ ನಕ್ಷೆಗಳಲ್ಲಿ ಒಟ್ಟು ಸಾವನ್ನ ಒಟ್ಟು ಜನಸಂಖ್ಯೆಯಿಂದ ಭಾಗಿಸಿ ಹಾಕಿರ್ತಾರೆ, ಅದನ್ನ ನೋಡಿ ಜಪಾನಲ್ಲಿ ಇಷ್ಟೊಂದಾ ಅಂತ ಜನ ಬೆಚ್ಚಿ ಬೀಳ್ತಾರೆ. ಒಂದು ಲೆಕ್ಕ ಹಾಕಿ ತೋರಿಸ್ತೀನಿ, ನಾನೇ ಹಾಳೆ ಮೇಲೆ ಹಾಕಿದ ಮೇಲೇ ನಂಗೂ ತಲೆಗೆ ಹೋಗಿದ್ದು. ಎರಡು ಊರು, ಎರಡರಲ್ಲೂ 1 ಲಕ್ಷ ಜನ. ಎರಡು ಕಡೆನೂ 60 ದಾಟದವರಲ್ಲಿ ಲಕ್ಷಕ್ಕೆ 50 ಜನ, 60 ದಾಟಿದವರಲ್ಲಿ ಲಕ್ಷಕ್ಕೆ 600 ಜನ ಸಾಯ್ತಾರೆ ಅಂತ ಇಟ್ಕೊಳಿ, ಅಂದ್ರೆ ಕಾಯಿಲೆಯ ಅಪಾಯ ಎರಡೂ ಕಡೆ ಒಂದೇ. ಮೊದಲನೇ ಊರಲ್ಲಿ ವಯಸ್ಸಾದವರು 10,000, ಎರಡನೇದ್ರಲ್ಲಿ ಜಪಾನ್ ತರ ಜಾಸ್ತಿ, 30,000. ಮೊದಲನೇದ್ರಲ್ಲಿ ಒಟ್ಟು ಸಾವು 45 ಕೂಡಿಸು 60, ಅಂದ್ರೆ 105. ಎರಡನೇದ್ರಲ್ಲಿ 35 ಕೂಡಿಸು 180, ಅಂದ್ರೆ 215. ಎರಡು ಪಟ್ಟಿಗಿಂತ ಜಾಸ್ತಿ ಆಗೋಯ್ತು, ಆದ್ರೆ ಯಾವ ವಯಸ್ಸಿನವರಿಗೂ ಅಲ್ಲಿ ಒಂಚೂರೂ ಹೆಚ್ಚು ಅಪಾಯ ಇಲ್ಲ! ಇದನ್ನ ಸರಿ ಮಾಡೋಕೇ ಯಾವ ವಯಸ್ಸಿನವರು ಎಷ್ಟು ಪಾಲು ಅನ್ನೋದಕ್ಕೆ ಒಂದು ಅಳತೆ ಇಟ್ಕೊಂಡು ಎಲ್ಲಾ ಊರಿನ ದರಗಳನ್ನೂ ಅದಕ್ಕೇ ಹೊಂದಿಸ್ತಾರೆ, ಜಪಾನಿನ ಮಿತ್ಸುವೋ ಸೆಗಿ ಅನ್ನೋರು 1960ರಲ್ಲಿ ಕೊಟ್ಟ ಅಳತೆಯನ್ನೇ ಚೂರು ತಿದ್ದಿ ಇವತ್ತಿಗೂ ಬಳಸ್ತಾರೆ. ನಕ್ಷೆ ಕೆಳಗೆ ಇದು ವಯಸ್ಸಿಗೆ ಹೊಂದಿಸಿದ ದರ ಅಂತ ಬರ್ದಿಲ್ಲ ಅಂದ್ರೆ ನಾನು ಈಗ ಅದನ್ನ ನೋಡೋಕೇ ಹೋಗಲ್ಲ.

ಸಣ್ಣ ಊರುಗಳ ಅಂಕಿನೂ ಹಂಗೇ. 2,000 ಜನ ಇರೋ ಊರಲ್ಲಿ ಒಂದು ವರ್ಷ ಇಬ್ಬರು ಸತ್ರೆ ಲಕ್ಷಕ್ಕೆ 100, ಮುಂದಿನ ವರ್ಷ ನಾಲ್ಕು ಜನ ಹೋದ್ರೆ 200, ಅದರ ಮುಂದಿನ ವರ್ಷ ಯಾರೂ ಹೋಗ್ದಿದ್ರೆ ಸೊನ್ನೆ. ನೀರಲ್ಲಿ ಏನೋ ಇದೆ ಅಂತ ಭಯ ಹುಟ್ಟೋದು ಎಷ್ಟೋ ಸಲ ಹಿಂಗೇನೇ. ಹತ್ತಾರು ವರ್ಷದ ಲೆಕ್ಕ ಒಟ್ಟಿಗೆ ಹಾಕಿ ನೋಡಿದ್ರೇ ಅದು ನಿಜಾನಾ ಅಂತ ಗೊತ್ತಾಗೋದು.

ಆದ್ರೆ ಇಷ್ಟೆಲ್ಲಾ ಜರಡಿ ಹಿಡಿದ ಮೇಲೂ ಕೆಲವು ಕಲೆಗಳು ನಕ್ಷೆಲಿ ಉಳ್ಕೊಂಡುಬಿಡ್ತವೆ, ನಂಗೆ ಮೈ ಜುಂ ಅನ್ಸಿದ್ದು ಅವು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು 1975ರಲ್ಲಿ ಕೌಂಟಿ ಕೌಂಟಿ ಲೆಕ್ಕದಲ್ಲಿ (ನಮ್ಮ ಜಿಲ್ಲೆ ತರ) ಕ್ಯಾನ್ಸರ್ ಸಾವಿನ ನಕ್ಷೆ ಪ್ರಕಟ ಮಾಡಿದ್ರು, 1950ರಿಂದ 1969ರವರೆಗಿನ 20 ವರ್ಷದ ಡೆತ್ ಸರ್ಟಿಫಿಕೇಟುಗಳನ್ನ ಕೂಡಿಸಿ. ಅದರಲ್ಲಿ ಜಾರ್ಜಿಯಾ, ವರ್ಜೀನಿಯಾ ಕಡೆ ಸಮುದ್ರದ ಅಂಚಲ್ಲಿ ಗಂಡಸರ ಶ್ವಾಸಕೋಶದ ಕ್ಯಾನ್ಸರ್ ಸಾವು ಕಡುಬಣ್ಣದಲ್ಲಿ ಎದ್ದು ಕಾಣ್ತಿತ್ತು. ಸಮುದ್ರಕ್ಕೂ ಶ್ವಾಸಕೋಶಕ್ಕೂ ಏನು ಸಂಬಂಧ ಅಂತ ಅಲ್ಲಿಗೇ ಹೋಗಿ, ಕಾಯಿಲೆಯವರು ಮೊದಲು ಏನು ಕೆಲಸ ಮಾಡ್ತಿದ್ರು ಅಂತ ವಿಚಾರಿಸಿದಾಗ ಗೊತ್ತಾಯ್ತು, ಎರಡನೇ ಮಹಾಯುದ್ಧದ ಕಾಲದಲ್ಲಿ ಅವರಲ್ಲಿ ಎಷ್ಟೋ ಜನ ಶಿಪ್‌ಯಾರ್ಡಲ್ಲಿ ದುಡಿದಿದ್ರು, ಹಡಗಿನ ಪೈಪಿಗೆ ಗೋಡೆಗೆ ಸುತ್ತೋ ಆಸ್ಬೆಸ್ಟಾಸ್ ಧೂಳು ಕುಡಿದಿದ್ರು. ಸಿಗರೇಟಿನ ಲೆಕ್ಕ ತೆಗೆದ್ರೂ ಅವರಿಗೆ ಅಪಾಯ ಸುಮಾರು 1.6 ಪಟ್ಟು ಇತ್ತು. ಯುದ್ಧ ಮುಗಿದು ಮೂವತ್ತು ವರ್ಷ ಆಗಿತ್ತು, ಶಿಪ್‌ಯಾರ್ಡ್ ಬಿಟ್ಟು ಬೇರೆ ಕೆಲಸಕ್ಕೆ ಹೋಗಿದ್ರು, ಮಕ್ಕಳು ಮೊಮ್ಮಕ್ಕಳು ಆಗಿದ್ರು, ಧೂಳು ಮಾತ್ರ ಒಳಗೇ ಇತ್ತು.

ಅದೇ ನಕ್ಷೆಲಿ ಇನ್ನೊಂದು, ದಕ್ಷಿಣದ ಹಳ್ಳಿಗಾಡಿನ ಹೆಂಗಸರಲ್ಲಿ ಬಾಯಿ ಕ್ಯಾನ್ಸರ್ ಸಾವು ವಿಪರೀತ. ಬಟ್ಟೆ ಮಿಲ್ಲುಗಳು ಜಾಸ್ತಿ ಇದ್ದಿದ್ರಿಂದ ಮಿಲ್ಲಿಂದಲೇ ಇರ್ಬೇಕು ಅಂತ ಮೊದಲು ಅನುಮಾನ ಬಂದಿತ್ತು. 1981ರಲ್ಲಿ ನಾರ್ತ್ ಕ್ಯಾರೊಲಿನಾದ ಹೆಂಗಸರ ಮೇಲೆ ಮಾಡಿದ ಅಧ್ಯಯನ ಬಂತು ನೋಡಿ, ಮಿಲ್ಲಲ್ಲ, ತಂಬಾಕಿನ ಪುಡಿ, ವಸಡಿಗೂ ಕೆನ್ನೆಗೂ ಮಧ್ಯೆ ಇಟ್ಕೊಳ್ಳೋ ಅಭ್ಯಾಸ. ಹತ್ತಾರು ವರ್ಷ ಇಟ್ಕೊಂಡವರಲ್ಲಿ ಕೆನ್ನೆ ವಸಡಿನ ಕ್ಯಾನ್ಸರ್ ಅಪಾಯ ಹತ್ತತ್ರ ಐವತ್ತು ಪಟ್ಟು. ಇವೆಲ್ಲಾ ಹೊರಗೆ ಬಂದಿದ್ದು ಯಾವ್ದೋ ಡಾಕ್ಟರು ಯಾವತ್ತೋ ಒಂದು ಹಾಳೆಯ ಕೆಳಗಿನ ಸಾಲನ್ನ ಖಾಲಿ ಬಿಡ್ದೆ ತುಂಬಿದ್ರಿಂದ. ಇದನ್ನ ಓದ್ವಾಗ ನಂಗೆ ದೊಡ್ಡಮ್ಮನ ಫಾರ್ಮೇ ಕಣ್ಣಮುಂದೆ ಬರ್ತಿತ್ತು.

ಇದೆಲ್ಲ ವಂಶದ್ದು, ರಕ್ತದಲ್ಲೇ ಬರೋದು ಅನ್ನೋರಿಗೆ ನಾನು ಈಗ ಹೇಳೋದು ಜಪಾನಿಂದ ಹವಾಯಿಗೆ ಹೋದವರ ಕತೆ. ಜಪಾನಲ್ಲಿ ಹೊಟ್ಟೆ ಕ್ಯಾನ್ಸರ್ ಜಾಸ್ತಿ, ಅಮೆರಿಕದಲ್ಲಿ ಕರುಳಿನ ಕ್ಯಾನ್ಸರ್ ಜಾಸ್ತಿ ಅಂತ ಇದ್ದ ಕಾಲದಲ್ಲಿ ವಲಸೆ ಹೋದವರ ಮಕ್ಕಳಲ್ಲಿ ಹೊಟ್ಟೆದು ಇಳಿದು ಕರುಳಿಂದು ಏರ್ತು. ವಂಶ ಅದೇ, ರಕ್ತ ಅದೇ, ಬದಲಾಗಿದ್ದು ಬದುಕೋ ರೀತಿ. ಹೊಟ್ಟೆ ಕ್ಯಾನ್ಸರಂತೂ 1930ರ ಹೊತ್ತಿಗೆ ಅಮೆರಿಕದಲ್ಲೂ ದೊಡ್ಡ ಕೊಲೆಗಾರ, ಆಮೇಲೆ ಅದಕ್ಕೆ ಅಂತ ಯಾರೂ ಅಭಿಯಾನ ಮಾಡ್ದೇ ತಾನಾಗೇ ಇಳೀತಾ ಬಂತು. ಮನೆಮನೆಗೆ ಫ್ರಿಜ್ ಬಂತು, ಉಪ್ಪು ಹಾಕಿ ಹೊಗೆ ಹಾಕಿ ಇಡೋದು ಕಮ್ಮಿ ಆಯ್ತು, ಶುಚಿತ್ವ ಹೆಚ್ಚಿ, ಹೊಟ್ಟೆ ಕ್ಯಾನ್ಸರಿಗೆ ಕಾರಣ ಆಗೋ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಮಕ್ಕಳಿಗೆ ಹತ್ತೋದು ಕಮ್ಮಿ ಆಯ್ತು. ಆ ಬ್ಯಾಕ್ಟೀರಿಯಾ ಇದೆ ಅಂತ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಕಂಡುಹಿಡಿದಿದ್ದೇ 1982ರಲ್ಲಿ, ನೊಬೆಲ್ ಬಂದಿದ್ದು 2005ರಲ್ಲಿ, ಸಾವು ಮಾತ್ರ ಅದಕ್ಕೂ ಎಷ್ಟೋ ಮೊದಲೇ ಇಳಿಯೋಕೆ ಶುರುವಾಗಿತ್ತು.

ಲಿವರ್ ಕ್ಯಾನ್ಸರಲ್ಲಿ ಜಗತ್ತಿಗೇ ಮುಂದೆ ಇರೋದು ಮಂಗೋಲಿಯಾ, ಹೆಪಟೈಟಿಸ್ ವೈರಸ್ಸುಗಳು ಅಲ್ಲಿ ಅಷ್ಟು ಹರಡಿವೆ. ತೈವಾನಲ್ಲೂ ಇದೇ ಕಾಟ ಇತ್ತು, 1984ರಲ್ಲಿ ಅವರು ಹುಟ್ಟಿದ ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕೋಕೆ ಶುರು ಮಾಡಿದ್ರು, ಹತ್ತು ವರ್ಷದ ಒಳಗೆ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳೀತು.

ಇನ್ನು ಸಿಗರೇಟು. ಅಮೆರಿಕದಲ್ಲಿ ಒಟ್ಟು ಕ್ಯಾನ್ಸರ್ ಸಾವಿನ ದರ 1991ರಲ್ಲಿ ತುದಿ ಮುಟ್ಟಿ, ಅಲ್ಲಿಂದ 2022ರ ಹೊತ್ತಿಗೆ 34 ಪರ್ಸೆಂಟ್ ಇಳಿದಿದೆ, ಸುಮಾರು 45 ಲಕ್ಷ ಸಾವು ತಪ್ಪಿದೆ ಅಂತ ಲೆಕ್ಕ. ಅದರಲ್ಲಿ ದೊಡ್ಡ ಪಾಲು ಜನ ಸಿಗರೇಟು ಬಿಟ್ಟಿದ್ದಕ್ಕೆ ಸೇರಬೇಕು. ಸಿಗರೇಟು ಶ್ವಾಸಕೋಶಕ್ಕೆ ಕ್ಯಾನ್ಸರ್ ತರತ್ತೆ ಅಂತ ಅಲ್ಲಿನ ಸರ್ಕಾರದ ವರದಿ ಹೇಳಿದ್ದು 1964ರಲ್ಲಿ, ಗಂಡಸರ ಸಾವು ಇಳಿಯೋಕೆ ಶುರುವಾಗಿದ್ದು 1990ರ ಆಚೀಚೆ, ಅಂದ್ರೆ ಇವತ್ತು ನಕ್ಷೆಲಿ ಕಾಣೋ ಬಣ್ಣ ಇಪ್ಪತ್ತು ಮೂವತ್ತು ವರ್ಷದ ಹಿಂದಿನ ಬದುಕಿನ ಬಣ್ಣ. ಹೆಂಗಸರು ಸೇದೋಕೆ ಶುರು ಮಾಡಿದ್ದೂ ತಡವಾಗಿ, ಅವರ ಸಾವು ತುದಿ ಮುಟ್ಟಿದ್ದೂ ತಡವಾಗಿ. ಆ ಒಂದೇ ದೇಶದೊಳಗೆ ತಂಬಾಕು ಬೆಳೆಯೋ ಕೆಂಟಕಿ ಎಲ್ಲಿ, ಧರ್ಮದ ಕಾರಣಕ್ಕೆ ಸಿಗರೇಟು ಮುಟ್ಟದವರೇ ಹೆಚ್ಚಿರೋ ಯೂಟಾ ಎಲ್ಲಿ, ಒಂದು ನಕ್ಷೆಯ ಕಡುಬಣ್ಣದ ತುದಿ ಇನ್ನೊಂದು ತಿಳಿಬಣ್ಣದ ತುದಿ.

ಇಲ್ಲಿವರೆಗೂ ಹೇಳಿದ್ದು ಕಾಯಿಲೆ ಬರೋದ್ರಲ್ಲಿ ಇರೋ ವ್ಯತ್ಯಾಸ. ನಂಗೆ ಇದಕ್ಕಿಂತ ಸಂಕಟ ಕೊಡೋದು ಕಾಯಿಲೆ ಬಂದ ಮೇಲಿನ ವ್ಯತ್ಯಾಸ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಅಂಕಿ ಇದು, ತುಂಬಾ ಮುಂದುವರಿದ ದೇಶಗಳಲ್ಲಿ ಜೀವಮಾನದಲ್ಲಿ 12 ಹೆಂಗಸರಲ್ಲಿ ಒಬ್ಬರಿಗೆ ಸ್ತನ ಕ್ಯಾನ್ಸರ್ ಪತ್ತೆ ಆಗತ್ತೆ, 71ರಲ್ಲಿ ಒಬ್ಬರು ಅದ್ರಿಂದ ಸಾಯ್ತಾರೆ. ತೀರಾ ಹಿಂದುಳಿದ ದೇಶಗಳಲ್ಲಿ ಪತ್ತೆ ಆಗೋದು 27ರಲ್ಲಿ ಒಬ್ಬರಿಗೆ, ಸಾಯೋದು 48ರಲ್ಲಿ ಒಬ್ಬರು. ಭಾಗಿಸಿ ನೋಡಿ, ಒಂದು ಕಡೆ ಪತ್ತೆ ಆದ ಆರು ಜನರಲ್ಲಿ ಒಬ್ಬರು ಹೋದ್ರೆ ಇನ್ನೊಂದು ಕಡೆ ಅರ್ಧಕ್ಕಿಂತ ಜಾಸ್ತಿ ಹೋಗ್ತಾರೆ. ಒಂದೇ ಕಾಯಿಲೆ ಸ್ವಾಮಿ. ಗಂಟು ಕೈಗೆ ಸಿಕ್ಕಿದ ದಿನಕ್ಕೂ ಬಯಾಪ್ಸಿ ಆದ ದಿನಕ್ಕೂ ಮಧ್ಯೆ ಎಷ್ಟು ತಿಂಗಳು, ರೇಡಿಯೇಷನ್ ಮೆಷಿನ್ ಎಷ್ಟು ದೂರ, ಕೀಮೋ ಆರು ಸಲ ಅಂದ್ರೆ ಆರೂ ಸಲ ಹೋಗೋಕೆ ಆಯ್ತಾ, ವ್ಯತ್ಯಾಸ ಇರೋದು ಇಲ್ಲೇ. ದೊಡ್ಡಮ್ಮ ಗಂಟನ್ನ ಎಂಟು ತಿಂಗಳು ಯಾರ ಹತ್ರನೂ ಹೇಳಿರ್ಲಿಲ್ಲ. ಸೀರೆ ಸೆರಗು ಸರಿ ಮಾಡ್ಕೊಳ್ವಾಗ ಕೈ ಅಲ್ಲಿ ತಾಗಿದ್ರೆ ಮುಖ ಕಿವಿಚ್ತಿದ್ರು, ನಾವು ಏನೋ ನೋವು ಇರ್ಬೇಕು ಅಂತ ಸುಮ್ನಿದ್ವಿ. ದುಡ್ಡಿರೋ ದೇಶದೊಳಗೂ ಈ ಬಿರುಕು ಇದೆ, ಅಮೆರಿಕದ ಕಪ್ಪು ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬರೋದು ಬಿಳಿಯರಿಗಿಂತ 5 ಪರ್ಸೆಂಟ್ ಕಮ್ಮಿ, ಸಾಯೋದು 38 ಪರ್ಸೆಂಟ್ ಜಾಸ್ತಿ.

ಕೇಸು ಎಷ್ಟು ಅಂತ ನೋಡ್ದೇ ಸಾವು ಎಷ್ಟು ಅಂತಾನೇ ಯಾಕೆ ನೋಡ್ಬೇಕು ಅಂತ ಒಬ್ರು ಕೇಳಿದ್ರು. ದಕ್ಷಿಣ ಕೊರಿಯಾದಲ್ಲಿ 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ ಕೇಸು 15 ಪಟ್ಟು ಏರ್ತು, ಸಾವು ಅಲ್ಲೇ ಇತ್ತು, ಅಲುಗಾಡ್ಲೇ ಇಲ್ಲ. ಸ್ಕ್ಯಾನ್ ಮಾಡಿ ಮಾಡಿ ಯಾವತ್ತೂ ತೊಂದ್ರೆ ಕೊಡದೇ ಇದ್ದ ಸಣ್ಣ ಗಂಟುಗಳನ್ನೆಲ್ಲಾ ಹೆಕ್ಕಿದ್ರು, ಎಷ್ಟೋ ಜನ ಸುಮ್ನೆ ಥೈರಾಯ್ಡ್ ತೆಗೆಸ್ಕೊಂಡು ಜೀವನಪೂರ್ತಿ ಮಾತ್ರೆಗೆ ಬಿದ್ರು. ಕೇಸು ಎಷ್ಟು ಹುಡುಕ್ತೀವೋ ಅಷ್ಟು ಸಿಗತ್ತೆ, ಸಾವು ಹಂಗಲ್ಲ.

ಗರ್ಭಕಂಠದ ಕ್ಯಾನ್ಸರಂತೂ ಬರದ ಹಾಗೆ ತಡೆಯೋಕೆ ಆಗೋದು, ಅದನ್ನ ತರೋ ಎಚ್‌ಪಿವಿ ಅನ್ನೋ ವೈರಸ್ಸಿಗೆ ಲಸಿಕೆ ಇದೆ, ಮೊದಲೇ ಹಿಡಿಯೋ ಟೆಸ್ಟ್ ಇದೆ. ಆದ್ರೂ 2022ರಲ್ಲಿ ಅದ್ರಿಂದ ಸತ್ತ ಸುಮಾರು ಮೂರೂವರೆ ಲಕ್ಷ ಹೆಂಗಸರಲ್ಲಿ 94 ಪರ್ಸೆಂಟ್ ಬಡ ಮತ್ತು ಮಧ್ಯಮ ಆದಾಯದ ದೇಶದವರು. ಆಸ್ಟ್ರೇಲಿಯಾ 2007ರಲ್ಲೇ ಲಸಿಕೆ ಶುರು ಮಾಡ್ತು ಅಂದ್ರೆ ದುಡ್ಡಿದೆ ಮಾಡಿದ್ರು ಅನ್ಬಹುದು, ಆದ್ರೆ ರುವಾಂಡಾ 2011ರಲ್ಲೇ ಶಾಲೆ ಶಾಲೆಗೆ ಹೋಗಿ ಹೆಣ್ಣುಮಕ್ಕಳಲ್ಲಿ 90 ಪರ್ಸೆಂಟಿಗಿಂತ ಹೆಚ್ಚು ಜನಕ್ಕೆ ಹಾಕ್ತಲ್ಲ, ಅದಕ್ಕೇನಂತೀರಿ? ಇಲ್ಲಿ ದುಡ್ಡು ಇಲ್ಲ ಅನ್ನೋ ಮಾತನ್ನ ನಾನಂತೂ ಒಪ್ಪಲ್ಲ.

ಎಲ್ಲಾ ಇಳೀತಿದೆ ಅಂತಾನೂ ಅಲ್ಲ. ಅಮೆರಿಕದಲ್ಲಿ 50 ತುಂಬದ ಗಂಡಸರಲ್ಲಿ ಕ್ಯಾನ್ಸರ್ ಸಾವಿಗೆ ಮೊದಲನೇ ಕಾರಣ ಈಗ ದೊಡ್ಡ ಕರುಳಿಂದು, ಇಪ್ಪತ್ತು ವರ್ಷದ ಹಿಂದೆ ಹಂಗಿರ್ಲಿಲ್ಲ. ಮಲದಲ್ಲಿ ರಕ್ತ ಕಂಡ್ರೆ ಪೈಲ್ಸ್ ಇರ್ಬೇಕು ಅಂತ ತಿಂಗಳುಗಟ್ಟಲೆ ಸುಮ್ನಿರ್ಬೇಡಿ, ವಯಸ್ಸು ಮೂವತ್ತೇ ಆಗಿದ್ರೂ ಸರಿ.

ಹೋದ ತಿಂಗಳು ನನ್ನ ಕಲೀಗ್ ಒಬ್ಬರ ತಂದೆ ಹೋದ್ರು, ಶ್ವಾಸಕೋಶದ ಕ್ಯಾನ್ಸರ್. ಕಾಗದ ಪತ್ರದ ಓಡಾಟಕ್ಕೆ ಅಂತ ನಾನೂ ಅವರ ಜೊತೆ ಹೋಗಿದ್ದೆ. ಡ್ಯೂಟಿಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ರಾತ್ರಿಯೆಲ್ಲಾ ನಿದ್ದೆಗೆಟ್ಟಿದ್ರು, ಎ ಸಾಲಲ್ಲಿ ಅದೇ ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್ ಬರೆದು ಸೈನ್ ಮಾಡೋಕೆ ಪೆನ್ನು ಕೆಳಗೆ ತಗೊಂಡ್ರು. ನಾನು ಮೆಲ್ಲಗೆ, ಡಾಕ್ಟ್ರೇ, ಕೆಳಗಿನ ಸಾಲಲ್ಲಿ ಅವರ ಕಾಯಿಲೆನೂ ಬರೀತೀರಾ ಅಂದೆ. ಅವರು ತಲೆ ಎತ್ತಿ ನೋಡಿದ್ರು, ಏನೂ ಅನ್ಲಿಲ್ಲ, ಕೇಸ್ ಶೀಟ್ ಮತ್ತೆ ತೆಗೆದು ಎ ಸಾಲನ್ನ ಹೊಡೆದು ಹಾಕಿ ನ್ಯುಮೋನಿಯಾ ಅಂತ ಬರೆದ್ರು, ಬಿ ಸಾಲಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಂತ ಬರೆದ್ರು, ಪಕ್ಕದಲ್ಲಿ ಎಷ್ಟು ಕಾಲದಿಂದ ಅನ್ನೋ ಕಾಲಂ ಇರತ್ತಲ್ಲ, ಅದನ್ನ ತುಂಬೋಕೆ ಕಲೀಗ್ ಕಡೆ ತಿರುಗಿ ಯಾವಾಗ ಪತ್ತೆ ಆಗಿದ್ದು ಅಂತ ಕೇಳಿದ್ರು. ಅವರು ಬೆರಳು ಮಡಚಿ ಎಣಿಸಿ ಹದಿನಾಲ್ಕು ತಿಂಗಳು ಅಂದ್ರು.