ಕಪ್ಪು ನಾಯಿಯ ಕಣ್ಣಿಗೆ ಬೆಳಕು

ಕಪ್ಪು ನಾಯಿಯ ಚಿತ್ರ ಚೆನ್ನಾಗಿ ಬರುವುದೇ ಇಲ್ಲ ಎಂದು ಅದನ್ನು ಸಾಕಿದವರೇ ಹೇಳುವಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಕೊರತೆ ಇರುವುದು ನಾಯಿಯ ಬಣ್ಣದಲ್ಲಲ್ಲ, ಅದನ್ನು ನಿಲ್ಲಿಸಿದ ಜಾಗದಲ್ಲಿ. ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬೀಳುವಾಗ ಹುಬ್ಬಿನ ನೆರಳು ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ಬೆನ್ನಿನ ನುಣುಪಾದ ರೋಮ ಮಾತ್ರ ಆಕಾಶವನ್ನು ಪ್ರತಿಫಲಿಸಿ ನೀಲಿಯಾಗಿ ಮಿನುಗುತ್ತದೆ. ಕಣ್ಣು ಕಾಣದ ಆ ಚಿತ್ರದಲ್ಲಿ ಉಳಿಯುವುದು ಬರೀ ಆಕಾರ.

ಆದ್ದರಿಂದ ನಾನು ಮೊದಲು ಹುಡುಕುವುದು ನೆರಳಿನ ಅಂಚನ್ನು. ಹಿನ್ನೆಲೆಯ ಯೋಚನೆ ಆಮೇಲೆ. ದೊಡ್ಡ ಗೋಡೆಯ ಅಥವಾ ದಟ್ಟವಾದ ಮರದ ನೆರಳು ಮುಗಿದು ಬಯಲು ಆರಂಭವಾಗುವ ಕಡೆ, ಅಂಚಿನಿಂದ ಒಂದೆರಡು ಹೆಜ್ಜೆ ಒಳಗೆ ನಾಯಿಯನ್ನು ಕೂರಿಸಿ, ಮುಖ ಬಯಲಿನತ್ತ ಇರುವಂತೆ ನೋಡಿಕೊಂಡರೆ, ಕಣ್ಣಿನ ಮೇಲ್ಭಾಗದಲ್ಲಿ ಆಕಾಶದ ಒಂದು ಬಿಳಿ ತುಣುಕು ಮೂಡುತ್ತದೆ. ಅದರ ಜೊತೆಗೇ, ಅಷ್ಟು ಹೊತ್ತು ಕಪ್ಪೆಂದೇ ತೋರುತ್ತಿದ್ದ ಕಣ್ಣಿನಲ್ಲಿ ಪಾಪೆಯ ಸುತ್ತಲಿನ ಜೇನುಗಂದು ಬಣ್ಣದ ಉಂಗುರ ಸ್ಪಷ್ಟವಾಗಿ ಬೇರ್ಪಡುತ್ತದೆ. ಎಲೆಗಳ ನಡುವಿನಿಂದ ಬಿಸಿಲಿನ ಚುಕ್ಕೆಗಳು ಬೀಳುವ ನೆರಳು ಎಷ್ಟೇ ಸುಂದರವಾಗಿದ್ದರೂ ಬೇಡ. ಮೂಗಿನ ಮೇಲೊಂದು, ಕಿವಿಯ ಮೇಲೊಂದು ಚುಕ್ಕೆ ಬಿದ್ದು ಮುಖ ಹರಿದಂತಾಗುತ್ತದೆ. ತೆಳುವಾಗಿ ಮೋಡ ಕವಿದ ದಿನ ಸಿಕ್ಕರೆ ಈ ಹುಡುಕಾಟವೇ ಬೇಕಾಗುವುದಿಲ್ಲ.

ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣದ ವಿಷಯದಲ್ಲಿ ಕಪ್ಪು ನಾಯಿಗೆ ಯಾವಾಗಲೂ ಬೆಳಕನ್ನು ಹೆಚ್ಚಿಸಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ತಾನು ನೋಡುವುದನ್ನೆಲ್ಲ ನಡುಬೂದು ಎಂದು ಎಣಿಸುತ್ತದೆ. ಕಪ್ಪು ಮುಖವೇ ಚೌಕಟ್ಟನ್ನು ತುಂಬಿದ್ದರೆ ಅದು ತಾನಾಗಿಯೇ ಬೆಳಕನ್ನು ಏರಿಸಿ ರೋಮವನ್ನು ಬೂದಿಯ ಬಣ್ಣಕ್ಕೆ ತರುತ್ತದೆ. ಆಗ ಮುಕ್ಕಾಲು ಅಥವಾ ಒಂದು ಸ್ಟಾಪ್‌ನಷ್ಟು ಇಳಿಸಬೇಕು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಅದೇ ನಾಯಿ ಬೆಳಗುವ ಬಯಲಿನ ನಡುವೆ ಚಿಕ್ಕದಾಗಿ ಕಾಣುತ್ತಿದ್ದರೆ ಮೀಟರ್ ಬಯಲನ್ನು ನೋಡಿ ಕತ್ತಲು ಮಾಡುವುದರಿಂದ ಏರಿಸಬೇಕಾಗುತ್ತದೆ. ಬಿಳಿ ನಾಯಿಗೆ ಈ ಲೆಕ್ಕವೆಲ್ಲ ತಿರುಗುಮುರುಗು.

ಉದ್ದ ಮೂತಿಯ ನಾಯಿಯನ್ನು ಹತ್ತಿರದಿಂದ ಎಫ್/1.8ರಲ್ಲಿ, ಅಂದರೆ ಲೆನ್ಸಿನ ಕಿಂಡಿಯನ್ನು ಬಹಳ ಅಗಲವಾಗಿ ತೆರೆದು, ತೆಗೆದರೆ ಮೂಗು ಸ್ಪಷ್ಟವಾಗಿ ಕಣ್ಣು ಮಸುಕಾಗುವ ಸಂಭವ ಹೆಚ್ಚು. ಕಿಂಡಿ ಕಿರಿದಾಗುವ ಎಫ್/4ರ ಸುತ್ತಮುತ್ತ ಇದ್ದರೆ ನೆಮ್ಮದಿ. ಪ್ರಾಣಿಗಳ ಕಣ್ಣನ್ನೇ ಗುರುತಿಸಿ ಫೋಕಸ್ ಮಾಡುವ ಸೌಲಭ್ಯ ಈಗ ಅನೇಕ ಕ್ಯಾಮೆರಾಗಳಲ್ಲಿದೆ, ಆದರೆ ಕಣ್ಣಿನಲ್ಲಿ ಬೆಳಕಿಲ್ಲದ ಕಪ್ಪು ಮುಖದ ಮುಂದೆ ಅದೂ ತಡವರಿಸುತ್ತದೆ. ಓಡುವ ನಾಯಿಗೆ ಸೆಕೆಂಡಿನ 1/1000 ಅಥವಾ ಅದಕ್ಕಿಂತ ವೇಗದ ಶಟರ್ ಬೇಕು.

ನಾಯಿಯ ಕಣ್ಣಿನ ಮಟ್ಟಕ್ಕೆ ಇಳಿಯಲು ನಾನು ನೆಲದ ಮೇಲೆ ಮಲಗುವುದುಂಟು. ಆದರೆ ದೊಡ್ಡ ಲೆನ್ಸ್ ನೇರವಾಗಿ ತನ್ನತ್ತ ನೋಡುವುದು ಹಲವು ನಾಯಿಗಳಿಗೆ ಹಿಡಿಸುವುದಿಲ್ಲ. ಮುಖ ತಿರುಗಿಸುವುದು, ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ತಿನ್ನಲು ಏನೂ ಇಲ್ಲದಾಗ ತುಟಿ ಸವರಿಕೊಳ್ಳುವುದು ಕಂಡರೆ ಕ್ಯಾಮೆರಾವನ್ನು ಕೆಳಗಿಟ್ಟು ಅದಕ್ಕೆ ಮೂಸಿನೋಡಲು ಬಿಡಬೇಕು. ಅಂಥ ಹೊತ್ತಿನಲ್ಲಿ ಒತ್ತಾಯಿಸಿ ತೆಗೆದ ಚಿತ್ರವನ್ನು ನಾನು ಇಟ್ಟುಕೊಳ್ಳುವುದಿಲ್ಲ.

ಸಂಜೆಯ ಸೂರ್ಯ ನಾಯಿಯ ಬೆನ್ನ ಹಿಂದೆ ಬಂದಾಗ ಕಪ್ಪು ರೋಮದ ಅಂಚು ಎಳೆಎಳೆಯಾಗಿ ಬೆಳಗುತ್ತದೆ, ಕಿವಿಯ ತೆಳು ಚರ್ಮದಲ್ಲಿ ಕೆಂಪು ತೋರುತ್ತದೆ. ಮುಖ ಆಗ ನೆರಳಿನಲ್ಲಿರುವುದರಿಂದ, ಒಣಮಣ್ಣು ಅಥವಾ ಮರಳಿನಂಥ ತಿಳಿಬಣ್ಣದ ನೆಲ ಮುಂದಿದ್ದರೆ ಅದು ಎಸೆಯುವ ಬೆಳಕೇ ಕಣ್ಣಿಗೆ ಸಾಕಾಗುತ್ತದೆ. ಹುಲ್ಲಿನ ಮೇಲಾದರೆ ಆ ಬೆಳಕು ಹಸಿರಾಗಿರುತ್ತದೆ, ನಾಯಿಯ ಎದೆಯ ಮೇಲೆ ಬಿಳಿ ಮಚ್ಚೆಯಿದ್ದರೆ ಮೊದಲು ಅಲ್ಲಿಯೇ ಅಂಟಿಕೊಳ್ಳುತ್ತದೆ.