ಆಡುವುದು ಅರ್ಧ, ಕೂರುವುದು ಅರ್ಧ

ನಮ್ಮ ಕ್ರೋಕೆ ಕ್ಲಬ್ಬಿನಲ್ಲಿ ಮ್ಯಾಲೆಟ್‌ಗಿಂತ ಕುರ್ಚಿಗೆ ಬೆಲೆ ಜಾಸ್ತಿ. ಕ್ರೋಕೆ ಅಂದರೆ ಹುಲ್ಲಿನ ಲಾನಿನ ಮೇಲೆ ಮ್ಯಾಲೆಟ್ ಅನ್ನುವ ಉದ್ದ ಹಿಡಿಯ ಸುತ್ತಿಗೆಯಿಂದ ಚೆಂಡು ಹೊಡೆದು, ನೆಲಕ್ಕೆ ನೆಟ್ಟ ಹೂಪ್ ಅನ್ನುವ ಕಬ್ಬಿಣದ ಕಮಾನುಗಳ ನಡುವೆ ತೂರಿಸುವ ಆಟ. ಹೊಸಬರು ಶೆಡ್ಡಿಗೆ ಹೋಗಿ ಯಾವ ಮ್ಯಾಲೆಟ್ ಎತ್ತಿಕೊಂಡರೂ ಯಾರೂ ಏನೂ ಅನ್ನುವುದಿಲ್ಲ. ಲಾನಿನ ಅಂಚಿನಲ್ಲಿರುವ ಹಸಿರು ಕುರ್ಚಿಗಳ ವಿಷಯ ಹಾಗಲ್ಲ. ಬೇಲಿಯ ನೆರಳಿನಲ್ಲಿರುವ ಕುರ್ಚಿ ಖಜಾಂಚಿಯವರದು. ಕೈ ಅಲ್ಲಾಡುವ ಕುರ್ಚಿ ಯಾರಿಗೂ ಬೇಡ, ಹಾಗಾಗಿ ಅದು ಹೊರಗಿನಿಂದ ಬಂದ ಟೀಮಿನವರಿಗೆ. ಇದೆಲ್ಲ ಎಲ್ಲೂ ಬರೆದಿಟ್ಟಿಲ್ಲ. ಕೂತು ಕೂತೇ ಗೊತ್ತಾಗಬೇಕು.

ನಾವಿರುವುದು ಇಂಗ್ಲೆಂಡಿನ ಸರ್ರೆಯ ಒಂದು ಸಣ್ಣ ಊರಲ್ಲಿ. ಕ್ಲಬ್ಬು ಅಂದರೆ ಎರಡು ಲಾನು, ಒಂದು ಮರದ ಪೆವಿಲಿಯನ್, ಒಂದು ಶೆಡ್ಡು, ಯಾವಾಗಲೂ ಏನಾದರೂ ತೊಂದರೆ ಕೊಡುವ ಹುಲ್ಲು ಕತ್ತರಿಸುವ ಮಷೀನು. ಏಪ್ರಿಲ್‌ನಲ್ಲಿ ಸೀಸನ್ ಶುರುವಾಗುತ್ತದೆ. ಚಳಿಗಾಲದಲ್ಲಿ ಲಾನಿಗೆ ಗೊಬ್ಬರ, ಮರಳು ಅಂತ ಉಪಚಾರ ನಡೆಯುತ್ತದೆ, ನಮಗೆ ಕ್ವಿಜ್ ನೈಟ್ ನಡೆಯುತ್ತದೆ. ಕ್ವಿಜ್ಜಿನ ದುಡ್ಡು ಹೋಗುವುದು ಮಷೀನಿನ ರಿಪೇರಿಗೆ. ಈ ಸಂಕಟ ಹಳೆಯದು. ವಿಂಬಲ್ಡನ್ ಕ್ಲಬ್ಬು 1868ರಲ್ಲಿ ಶುರುವಾಗಿದ್ದು ಕ್ರೋಕೆಗಾಗಿಯೇ. ಟೆನಿಸ್ ಆಮೇಲೆ ಸೇರಿಕೊಂಡಿತು. 1877ರಲ್ಲಿ ಅಲ್ಲಿ ಮೊದಲ ಟೆನಿಸ್ ಟೂರ್ನಮೆಂಟ್ ಇಟ್ಟಿದ್ದಕ್ಕೆ ಹೇಳುವ ಕಾರಣ, ಲಾನು ಸಮ ಮಾಡಲು ಕುದುರೆ ಎಳೆಯುವ ರೋಲರನ್ನು ರಿಪೇರಿ ಮಾಡಿಸಲು ದುಡ್ಡು ಬೇಕಾಗಿತ್ತು ಅಂತ. ನಮ್ಮ ಕ್ಲಬ್ಬಿನ ಹಿರಿಯರು ಈ ಕತೆಯನ್ನು ಪ್ರತಿ ವರ್ಷ ಹೇಳುತ್ತಾರೆ, ಟೆನಿಸಿನವರು ನಿನ್ನೆಯಷ್ಟೇ ಬಂದು ಮನೆ ಕಿತ್ತುಕೊಂಡರು ಅನ್ನುವ ದನಿಯಲ್ಲಿ.

ಕೂರುವ ವಿಷಯಕ್ಕೆ ಬರುತ್ತೇನೆ. ಕ್ರೋಕೆಯಲ್ಲಿ ಎರಡು ಬಗೆ ಇದೆ. ಶುಕ್ರವಾರ ಸಂಜೆ ನಾವು ಆಡುವುದು ಗಾಲ್ಫ್ ಕ್ರೋಕೆ. ನೀಲಿ, ಕೆಂಪು, ಕಪ್ಪು, ಹಳದಿ ಹೀಗೆ ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದೇ ಹೊಡೆತ ಹೊಡೆಯಬೇಕು. ಎಲ್ಲರ ಕಣ್ಣೂ ಒಂದೇ ಹೂಪಿನ ಮೇಲೆ. ಯಾರ ಚೆಂಡು ಮೊದಲು ದಾಟಿತೋ ಅವರಿಗೆ ಪಾಯಿಂಟ್, ತಕ್ಷಣ ಎಲ್ಲರೂ ಮುಂದಿನ ಹೂಪಿಗೆ. ಏಳು ಪಾಯಿಂಟ್ ಮೊದಲು ಮಾಡಿದವರು ಗೆದ್ದರು. ಬೇಗ ಕಲಿಯಬಹುದು, ಬೇಗ ಮುಗಿಯುತ್ತದೆ. ಹಾಗಂತ ಹಗುರ ಮಾಡುವಂತಿಲ್ಲ, ಈಜಿಪ್ಟಿನವರು ಇದರಲ್ಲಿ ಹುಲಿಗಳು. ನಮ್ಮಲ್ಲಿ ಮಾತ್ರ ಒಂದು ಕೈಯಲ್ಲಿ ಮ್ಯಾಲೆಟ್, ಇನ್ನೊಂದು ಕೈಯಲ್ಲಿ ವೈನ್ ಗ್ಲಾಸು. ಆಟ ಮುಗಿದ ಮೇಲೆ ಫಿಶ್ ಆ್ಯಂಡ್ ಚಿಪ್ಸ್. ನನ್ನಂಥ ಸಸ್ಯಾಹಾರಿಗೆ ಬರೀ ಚಿಪ್ಸ್.

ಇದಕ್ಕೆ ಸೋಶಿಯಲ್ ಈವ್ನಿಂಗ್ ಅಂತ ಹೆಸರು. ಆದರೆ ಅಲ್ಲಿ ಯಾರ ಜೊತೆಗೂ ಎರಡು ಮಾತು ನೆಟ್ಟಗೆ ಆಡಲು ಆಗುವುದಿಲ್ಲ. ಅರ್ಧ ನಿಮಿಷಕ್ಕೊಮ್ಮೆ ನಿಮ್ಮ ಸರದಿ ಬರುತ್ತದೆ. 'ಮಗಳು ಹೇಗಿದ್ದಾಳೆ' ಅಂತ ಕೇಳಿದವರು ಉತ್ತರ ಬರುವಷ್ಟರಲ್ಲಿ ಮುಂದಿನ ಹೂಪಿನ ಹತ್ತಿರ ಇರುತ್ತಾರೆ. ನಾನು ಈ ಕ್ಲಬ್ಬಿನ ಜನರನ್ನು ನಿಜವಾಗಿ ಅರಿತದ್ದು ಪಂದ್ಯದ ದಿನಗಳಲ್ಲಿ.

ಪಂದ್ಯಗಳಲ್ಲಿ ಆಡುವುದು ಅಸೋಸಿಯೇಷನ್ ಕ್ರೋಕೆ. ಗೋಲಿ ಆಡಿ ಬೆಳೆದವರಿಗೆ ಇದರ ಜೀವಾಳ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಚೆಂಡು ಇನ್ನೊಂದು ಚೆಂಡಿಗೆ ತಾಗಿದರೆ ನಿಮಗೆ ಮತ್ತೆರಡು ಹೊಡೆತ. ಮೊದಲನೆಯದರಲ್ಲಿ ನಿಮ್ಮ ಚೆಂಡನ್ನು ಅದಕ್ಕೆ ಒತ್ತಿ ಇಟ್ಟು, ಎರಡನ್ನೂ ಬೇಕಾದ ಕಡೆಗೆ ಕಳಿಸಬೇಕು. ಎರಡನೆಯದರಲ್ಲಿ ಹೂಪ್ ದಾಟಿಸಲು ನೋಡಬೇಕು. ದಾಟಿದರೆ ಮತ್ತೊಂದು ಹೊಡೆತ. ಆಮೇಲೆ ಮತ್ತೆ ಅದೇ ಚೆಂಡುಗಳಿಗೆ ಹೊಡೆಯಬಹುದು. ಹೀಗೆ ಪಳಗಿದವರು ಒಂದೇ ಸರದಿಯಲ್ಲಿ ಹನ್ನೆರಡು ಹೂಪ್ ಮುಗಿಸಿಬಿಡುತ್ತಾರೆ. ಆರು ಹೂಪು, ಎರಡು ಸುತ್ತು, ಕೊನೆಗೆ ನಡುವಿನ ಗೂಟ. ಒಂದು ಚೆಂಡಿಗೆ 13, ಎರಡು ಚೆಂಡಿಗೆ 26 ಪಾಯಿಂಟ್. ಇದಾಗುವ ತನಕ ಎದುರಾಳಿ ಏನು ಮಾಡಬೇಕು? ಕುರ್ಚಿಯಲ್ಲಿ ಕೂರಬೇಕು. ಹತ್ತು ನಿಮಿಷವೋ, ಇಪ್ಪತ್ತು ನಿಮಿಷವೋ. ಸುಮ್ನೆ ಕೂರುವುದು ಯಾರಿಂದಲೂ ಆಗುವುದಿಲ್ಲ ಅಲ್ವಾ, ಮಾತು ಶುರುವಾಗುತ್ತದೆ.

ಜೂನ್ ತಿಂಗಳ ಒಂದು ಶನಿವಾರ ಪಕ್ಕದ ಊರಿನ ಕ್ಲಬ್ಬು ನಮ್ಮಲ್ಲಿಗೆ ಬಂದಿತ್ತು. ಕಡೆಗೆ ನಾಲ್ಕು ಜನ. ಬೆಳಿಗ್ಗೆ ಒಂದು ಡಬಲ್ಸ್, ಎರಡು ಸಿಂಗಲ್ಸ್, ಮಧ್ಯಾಹ್ನ ನಾಲ್ಕು ಸಿಂಗಲ್ಸ್. ಒಟ್ಟು ಏಳು ಆಟ. ಬೆಳಿಗ್ಗೆ ಬೇಗ ಹೋಗಿ ಹೂಪುಗಳನ್ನು ಹೊಡೆದು ಬಿಗಿ ಮಾಡಿದೆವು. ಹೂಪಿನ ಕಾಲುಗಳ ನಡುವೆ ಗೇಜ್ ತೂರಿಸಿ ನೋಡುವ ಕೆಲಸ ನನ್ನದು. ಚೆಂಡಿನ ಅಡ್ಡಳತೆ 92 ಮಿಲಿಮೀಟರ್, ಹೂಪಿನ ಸಂದು ಅದಕ್ಕಿಂತ ಬರೀ ಮೂರು ಮಿಲಿಮೀಟರ್ ಜಾಸ್ತಿ. ಅರ್ಧ ಕೆಜಿಗೆ ತುಸು ಕಮ್ಮಿ ತೂಗುವ ಗಟ್ಟಿ ಚೆಂಡನ್ನು ಅಷ್ಟು ಸಂದಿನಲ್ಲಿ ನುಗ್ಗಿಸಬೇಕು. ಓರೆಯಾಗಿ ಹೋದರೆ ಠಣ್ ಅಂತ ಕಾಲಿಗೆ ಬಡಿದು ಅಲ್ಲೇ ನಿಂತುಬಿಡುತ್ತದೆ. ಆ ಸದ್ದು ಕೇಳಿದರೆ ಸಾಕು, ಕುರ್ಚಿಯಲ್ಲಿದ್ದವರು ತಮ್ಮ ಸರದಿ ಬಂತು ಅಂತ ತಲೆ ಎತ್ತದೆಯೇ ಟೋಪಿ ಹುಡುಕಿಕೊಳ್ಳುತ್ತಾರೆ.

ಬೆಳಗಿನ ಡಬಲ್ಸ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನನ್ನ ಪಾರ್ಟ್ನರ್ ಚೆನ್ನಾಗಿ ಆಡಿದರು, ನಾವು ಗೆದ್ದೆವು. ಮಧ್ಯೆ ಮಳೆ ಬಂತು. ಮಳೆಗೆಲ್ಲ ಇಲ್ಲಿ ಆಟ ನಿಲ್ಲಿಸುವುದಿಲ್ಲ, ಮಿಂಚು ಬಂದರೆ ಮಾತ್ರ. ಊಟಕ್ಕೆ ಸ್ಯಾಂಡ್‌ವಿಚ್, ಕೀಶ್, ಆಲೂಗಡ್ಡೆ ಸಲಾಡ್. ನಾನು ನಿಪ್ಪಟ್ಟು ಒಯ್ದಿದ್ದೆ. ಊಟದ ಟೇಬಲ್ಲಿನ ಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ಮಧ್ಯಾಹ್ನ ಡಬ್ಬ ಕುರ್ಚಿಗಳ ಹತ್ತಿರ ಬಂದ ಮೇಲೆ ಅರ್ಧ ಗಂಟೆಯೂ ಉಳಿಯಲಿಲ್ಲ.

ಮಧ್ಯಾಹ್ನ ನನ್ನ ಎದುರು ಬಂದವರಿಗೆ ಎಂಬತ್ತು ದಾಟಿತ್ತು. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಬಾಯಿಗೆ ಅದು ಬರುವುದಿಲ್ಲ, ಮನಸ್ಸಿನಲ್ಲಿ ಅವರನ್ನು ಅಜ್ಜಿ ಅಂತಲೇ ಅಂದುಕೊಂಡೆ. ಗಂಡಸರದು ಬೇರೆ, ಹೆಂಗಸರದು ಬೇರೆ ಅಂತ ಈ ಆಟದಲ್ಲಿ ಭಾಗ ಮಾಡಬೇಕಿಲ್ಲ. ವಯಸ್ಸೂ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಡೊರತಿ ಸ್ಟೀಲ್ ಎನ್ನುವ ಆಟಗಾರ್ತಿ 1925ರಿಂದ 1936ರ ನಡುವೆ ಗಂಡಸರೂ ಆಡುವ ಓಪನ್ ಚಾಂಪಿಯನ್‌ಷಿಪ್ಪನ್ನೇ ನಾಲ್ಕು ಸಲ ಗೆದ್ದವರು. ನಮ್ಮ ಅಜ್ಜಿಯ ಹ್ಯಾಂಡಿಕ್ಯಾಪ್ 8. ನನ್ನದು 20. ಕಮ್ಮಿ ಇದ್ದಷ್ಟೂ ಒಳ್ಳೆಯ ಆಟಗಾರರು ಅಂತ ಅರ್ಥ. ವ್ಯತ್ಯಾಸ 12, ಅಂದರೆ ನನಗೆ ಹನ್ನೆರಡು ಬಿಸ್ಕ್. ಲಾನಿನ ಅಂಚಿನಲ್ಲಿ ಹನ್ನೆರಡು ಬಿಳಿ ಕಡ್ಡಿಗಳನ್ನು ಸಾಲಾಗಿ ನೆಡುತ್ತಾರೆ. ಸರದಿ ಕೈತಪ್ಪಿದಾಗ ಒಂದು ಕಡ್ಡಿ ಕಿತ್ತರೆ ಆಗಿಂದಾಗಲೇ ಇನ್ನೊಂದು ಸರದಿ. ಅಜ್ಜಿ ಆ ಸಾಲನ್ನು ನೋಡಿ, 'ತುಂಬಾ ಇವೆ, ನನಗೆ ಒಳ್ಳೆ ನಿದ್ದೆ ಆಗುತ್ತೆ' ಅಂದರು.

ನಾಲ್ಕು ಆಟ, ಎರಡೇ ಲಾನು. ಹಾಗಾಗಿ ಒಂದೊಂದು ಲಾನಿನಲ್ಲಿ ಎರಡೆರಡು ಆಟ. ನಮ್ಮದು ನೀಲಿ, ಕಪ್ಪು, ಕೆಂಪು, ಹಳದಿ. ಇನ್ನೊಂದು ಜೋಡಿಯದು ಹಸಿರು, ಕಂದು, ಗುಲಾಬಿ, ಬಿಳಿ. ಅಡ್ಡ ಬಂದ ಚೆಂಡನ್ನು ಕೇಳಿ, ಗುರುತು ಇಟ್ಟು, ಎತ್ತಿ, ಮತ್ತೆ ಅಲ್ಲೇ ಇಡಬೇಕು. ನೋಡುವವರಿಗೆ ಇದು ಗೊಂದಲ. ನೋಡುವವರು ಇದ್ದರೆ ತಾನೆ? ಅವತ್ತು ಬೇಲಿಯಾಚೆ ನಾಯಿ ಜೊತೆ ಹೊರಟವರು ಒಬ್ಬರು ಎರಡು ನಿಮಿಷ ನಿಂತರು, ನಾಯಿಗೆ ಬೇಜಾರಾಯಿತು, ಹೋದರು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಕ್ರೋಕೆ ಇತ್ತಂತೆ, ದುಡ್ಡು ಕೊಟ್ಟು ನೋಡಿದವರು ಒಬ್ಬರೇ ಅಂತ ಆಗಿನ ವರದಿಯಲ್ಲೇ ಇದೆ.

ಎರಡು ಆಟ ಒಟ್ಟಿಗೆ ನಡೆಯುವುದರಿಂದ ಒಂದು ಲಾಭ ಇದೆ. ಕುರ್ಚಿಯಲ್ಲಿ ನಿಮ್ಮ ಪಕ್ಕ ಕೂರುವವರು ನಿಮ್ಮ ಎದುರಾಳಿ ಅಲ್ಲ, ಇನ್ನೊಂದು ಆಟದಲ್ಲಿ ಕೂರುವ ಸರದಿ ಬಂದವರು. ನನ್ನ ಪಕ್ಕ ಬಂದು ಕೂತವರು ಅವರ ಟೀಮಿನ ಒಬ್ಬ ನಿವೃತ್ತ ಮೇಷ್ಟ್ರು. ಕೈ ಅಲ್ಲಾಡುವ ಕುರ್ಚಿಯೇ ಸಿಕ್ಕಿತ್ತು ಪಾಪ. ನಿಪ್ಪಟ್ಟು ಮುರಿಯುತ್ತಾ ಅವರು ಒಂದು ಕತೆ ಶುರು ಮಾಡಿದರು. ಅವರ ತಾಯಿ ತೀರಿಕೊಂಡ ಮೇಲೆ ಹಳೆಯ ಮನೆ ಮಾರಲು ಹೊರಟರಂತೆ. ಮನೆಯೊಳಗೆ ಒಂದು ದೊಡ್ಡ ಪಿಯಾನೊ. ಅದನ್ನು ಒಳಗೆ ತಂದ ಮೇಲೆ ಯಾವಾಗಲೋ ಬಾಗಿಲು ಚಿಕ್ಕದು ಮಾಡಿಸಿದ್ದರಂತೆ. 'ಈಗ ಅದನ್ನು ಹೊರಗೆ ತೆಗೆಯಬೇಕು ಅಂದರೆ...' ಅನ್ನುವಷ್ಟರಲ್ಲಿ ಅತ್ತ ಠಣ್ ಅಂತ ಸದ್ದಾಯಿತು. ಅವರು ಮ್ಯಾಲೆಟ್ ಹಿಡಿದು ಎದ್ದು ಹೋದರು.

ಸುಮಾರು ಹೊತ್ತಿನ ಮೇಲೆ ಬಂದು ಕೂತು, 'ಗೋಡೆ ಒಡೆಯಬೇಕಿತ್ತು' ಅಂದರು. ಬಿಟ್ಟಲ್ಲಿಂದಲೇ. ಎಲ್ಲಿಗೆ ನಿಲ್ಲಿಸಿದ್ದೆ ಅಂತ ಕೇಳಲಿಲ್ಲ. ಈ ಜನಕ್ಕೆಲ್ಲ ಅದು ಅಭ್ಯಾಸ. ಮಾತಿನ ಮಧ್ಯೆ ಎದ್ದು ಹೋಗಿ ಮೂರು ಹೂಪ್ ದಾಟಿಸಿ ಬಂದು, ಅದೇ ಮಾತಿಗೆ ಕ್ರಿಯಾಪದ ಸೇರಿಸುತ್ತಾರೆ.

ಎರಡನೇ ಕಂತು ನಡೆಯುತ್ತಿದ್ದಾಗ ಅಜ್ಜಿ ಆಡುತ್ತಿದ್ದರು. ನನ್ನ ಕಡ್ಡಿಗಳು ಆಗಲೇ ನಾಲ್ಕಕ್ಕೆ ಇಳಿದಿದ್ದವು. ಅಜ್ಜಿಯ ಕೆಂಪು ಚೆಂಡು ಎರಡನೇ ಸುತ್ತಿನಲ್ಲಿತ್ತು. ಅದು ಹೇಗೆ ಗೊತ್ತಾಗುತ್ತದೆ ಅಂದರೆ, ಪ್ರತಿ ಚೆಂಡಿಗೂ ಅದರ ಬಣ್ಣದ ಕ್ಲಿಪ್ ಒಂದಿರುತ್ತದೆ. ಮೊದಲ ಸುತ್ತಿನಲ್ಲಿ ಅದನ್ನು ಹೂಪಿನ ನೆತ್ತಿಗೆ ಸಿಗಿಸುತ್ತಾರೆ, ಎರಡನೆಯದರಲ್ಲಿ ಕಾಲಿಗೆ. ಕೆಂಪು ಕ್ಲಿಪ್ ಕಾಲಿಗೆ ಇಳಿದಿತ್ತು, ಅಂದರೆ ನನಗೆ ಕಷ್ಟಕಾಲ. ನಾನು ಮೇಷ್ಟ್ರ ಮನೆ ಕೊಳ್ಳಲು ಬಂದವರ ವಿಷಯ ಕೇಳುತ್ತಾ ಕೂತಿದ್ದೆ. ಮನೆ ಬೇಕು, ಪಿಯಾನೊ ಬೇಡ ಅಂತ ಅವರ ಹಟವಂತೆ.

'ಎರಡು ಸಲ ತಾಗಿತು' ಅಂತ ದನಿ ಕೇಳಿಸಿತು. ತಲೆ ಎತ್ತಿದರೆ ಅಜ್ಜಿ ಹೂಪಿನ ಹತ್ತಿರ ನಿಂತು ನನ್ನ ಕಡೆ ನೋಡುತ್ತಿದ್ದರು. ಚೆಂಡು ಹೂಪ್ ದಾಟಿ ಆಚೆ ಚೆನ್ನಾಗಿಯೇ ನಿಂತಿತ್ತು. ನಾನು ನೋಡಿರಲಿಲ್ಲ, ಮೇಷ್ಟ್ರೂ ನೋಡಿರಲಿಲ್ಲ. ನೋಡಿದ್ದರೂ ಮೂವತ್ತು ಅಡಿ ದೂರದಿಂದ, ಮ್ಯಾಲೆಟ್ ಚೆಂಡಿಗೆ ಒಂದು ಸಲ ತಾಗಿತೋ ಎರಡು ಸಲವೋ ಅಂತ ಯಾರಿಗೆ ಗೊತ್ತಾಗಬೇಕು? ಅದು ಗೊತ್ತಾಗುವುದು ಕೈಗೆ ಮಾತ್ರ. ನಮ್ಮಂಥ ಪಂದ್ಯಗಳಲ್ಲಿ ಅಂಪೈರ್ ನಿಂತಿರುವುದಿಲ್ಲ, ತಪ್ಪು ಮಾಡಿದವರೇ ಹೇಳಬೇಕು. ಅಜ್ಜಿ ಮುಖದಲ್ಲಿ ದೊಡ್ಡ ತ್ಯಾಗ ಮಾಡಿದ ಕಳೆಯೇನೂ ಇರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಎಣಿಸುವವರ ಮುಖದಲ್ಲಿ ಇರುವಷ್ಟೇ. 'ಮೊದಲಿದ್ದ ಜಾಗಕ್ಕೆ ಇಡಲಾ, ಹೀಗೇ ಬಿಡಲಾ?' ಅಂತ ಕೇಳಿದರು. ಅದನ್ನು ಆರಿಸುವ ಹಕ್ಕು ಎದುರಾಳಿಯದು. ಹೀಗೇ ಬಿಟ್ಟರೆ ಆ ಹೂಪು ಅವರಿಗೆ ಸೇರುತ್ತಿತ್ತು. ಇಡಿ ಅಂದೆ. ಇಟ್ಟರು. ಕೂದಲೆಳೆ ಅಳತೆಗೆ ಬಗ್ಗಿ ನೋಡಿ, ಇನ್ನೊಂದು ಚೂರು ಸರಿಸಿದರು. ಆಮೇಲೆ ಬಂದು ನನ್ನ ಕುರ್ಚಿಯಲ್ಲಿ ಕೂತು, ಮೇಷ್ಟ್ರ ಕಡೆ ತಿರುಗಿ, 'ಪಿಯಾನೊ ಕತೆಯಾ?' ಅಂದರು. ಅವರಿಗೆ ಅದು ಬಾಯಿಪಾಠ.

ಆ ಸರದಿ ನನ್ನ ಕೈಗೆ ಬಂದದ್ದು ಒಳ್ಳೆಯದಾಯಿತು. ಉಳಿದ ನಾಲ್ಕೂ ಕಡ್ಡಿ ಕಿತ್ತು, ಸಾಕಷ್ಟು ಹೂಪ್ ಮಾಡಿ, 20ಕ್ಕೆ ಬಂದೆ. ಅಜ್ಜಿ 18ರಲ್ಲಿದ್ದರು. ಮೂರು ಗಂಟೆಯ ಗಡುವು ಮುಗಿಯುವ ಗಂಟೆ ಹೊಡೆದಾಗ ಆಡುತ್ತಿದ್ದವರು ನಾನೇ. ನನ್ನ ಸರದಿ ಮುಗಿಸಿದೆ. ನಿಯಮದ ಪ್ರಕಾರ ಅಜ್ಜಿಗೆ ಇನ್ನೊಂದೇ ಸರದಿ. ನಾನು ಚೆಂಡುಗಳನ್ನು ದೂರ ದೂರ ಮೂಲೆಗೆ ಅಟ್ಟಿಯೇ ಬಂದಿದ್ದೆ. ಹತ್ತಿರದ್ದು ಅಂದರೂ ಲಾನಿನ ಅರ್ಧದಷ್ಟು ದೂರ. ಅಜ್ಜಿ ಮ್ಯಾಲೆಟ್ ಮೇಲೆ ಭಾರ ಬಿಟ್ಟು ನಿಂತು ಒಂದು ಸಲ ನೋಡಿದರು, ಎರಡು ಹೆಜ್ಜೆ ಹಿಂದೆ ಹೋಗಿ, ಸೀದಾ ನಡೆದು ಬಂದು ಹೊಡೆದರು. ತಾಗಿತು. ಆಮೇಲಿನ ಮೂರು ಹೂಪುಗಳನ್ನು ನಾನು ನಿಂತುಕೊಂಡೇ ನೋಡಿದೆ, ಕೂರಲು ಆಗಲಿಲ್ಲ. 21-20.

ನನ್ನ ಸೋಲಿನಿಂದ ಏನೂ ಕೆಡಲಿಲ್ಲ, ಉಳಿದವರು ಗೆದ್ದಿದ್ದರು, ಪಂದ್ಯ 4-3ಕ್ಕೆ ನಮ್ಮದಾಯಿತು. ಟೀಗೆ ಸ್ಕೋನ್, ನಿಂಬೆ ಕೇಕು. ಕಪ್ಪು ತೊಳೆಯುವ ಸರದಿ ನನ್ನದಿತ್ತು. ಒರೆಸಲು ಮೇಷ್ಟ್ರು ಬಂದು ನಿಂತರು, ಅವರು ಅತಿಥಿ, ಬೇಡ ಅಂದರೂ ಕೇಳಲಿಲ್ಲ. ಕತೆ ಮುಗಿಸಬೇಕಿತ್ತಲ್ಲ. ಕೊನೆಗೆ ಪಿಯಾನೊವನ್ನು ಗರಗಸ ಹಾಕಿ ಎರಡು ಮಾಡಿ ಹೊರಗೆ ತಂದರಂತೆ. ಅದರ ಕಾಲುಗಳು ಈಗ ಅವರ ಹಿತ್ತಲಲ್ಲಿ ಹುರುಳಿಕಾಯಿ ಬಳ್ಳಿಗೆ ಆಸರೆ.

ಆಗಸ್ಟ್‌ನಲ್ಲಿ ನಾವು ಅವರ ಕ್ಲಬ್ಬಿಗೆ ಹೋಗಬೇಕು. ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡು, ಖಾಲಿ ನಿಪ್ಪಟ್ಟಿನ ಡಬ್ಬ ವಾಪಸ್ ಕೊಟ್ಟು, ಅದೇ ತಿಂಡಿ ಮಾಡಿಕೊಂಡು ಬನ್ನಿ ಅಂದರು. 'ನಮ್ಮ ಎರಡನೇ ಲಾನು ಸ್ವಲ್ಪ ಇಳಿಜಾರು, ಮೊದಲೇ ಗೊತ್ತಿರಲಿ' ಅಂತ ಹೇಳಿಯೂ ಹೋದರು. ಯಾವ ಕಡೆಗೆ ಅಂತ ಮಾತ್ರ ಹೇಳಲಿಲ್ಲ.