ಪೈ 3ರಲ್ಲಿ ಕ್ಲ್ಯಾಂಗ್, ಆರನೇ ಸಲ: ಕೊಂದವರು ಯಾರು ಅಂತ ಗೊತ್ತಾಯ್ತು

ಕೊನೆಗೂ ಆಯ್ತು. ನಿನ್ನೆ ಬೆಳಗ್ಗೆ ಆರೂಕಾಲಿಗೆ, ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 3ರಲ್ಲೇ ಕಂಪೈಲ್ ಆಗಿ ಹುಟ್ಟಿದ ಕ್ಲ್ಯಾಂಗ್ (ಸಿ, ಸಿ++ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್) ತನ್ನ ವರ್ಷನ್ ನಂಬರ್ ಹೇಳಿತು. 2016ರ ಬೋರ್ಡು, 1 ಜಿಬಿ ರ್‍ಯಾಮ್. ಲ್ಯಾಪ್‌ಟಾಪ್‌ನಲ್ಲಿ ಪೈಗಾಗಿ ಕಟ್ಟಿ ತರಬಹುದಿತ್ತಲ್ವಾ, ಅಂದರೆ ಕ್ರಾಸ್ ಕಂಪೈಲ್ ಮಾಡಬಹುದಿತ್ತಲ್ವಾ ಅಂತ ಕೇಳಬೇಡಿ. ಮಾಡಬಹುದಿತ್ತು.

ಏನನ್ನು ಹೇಗೆ ಕಟ್ಟಬೇಕು ಅನ್ನೋದನ್ನು ಮೊದಲು ಸಿಮೇಕ್ ಅನ್ನೋ ಸಾಧನಕ್ಕೆ ಹೇಳಬೇಕು. ಟಾರ್ಗೆಟ್ ಎಆರ್ಚ್64 (64 ಬಿಟ್ ಆರ್ಮ್ ಪ್ರೊಸೆಸರ್) ಒಂದೇ, ಬಿಲ್ಡ್ ಟೈಪ್ ರಿಲೀಸ್. ಮೊದಲ ಸಲ ತಪ್ಪು ಹುಡುಕಲು ನೆರವಾಗುವ ಡೀಬಗ್ ಮಾಹಿತಿಯೂ ಇರಲಿ ಅಂತ ಆಸೆಪಟ್ಟಿದ್ದೆ. ಆಬ್ಜೆಕ್ಟ್ ಫೈಲುಗಳು (ಕಂಪೈಲ್ ಆದ ತುಣುಕುಗಳು) ಊದಿಕೊಂಡವು, ಅಷ್ಟನ್ನೂ ನುಂಗಲು ಹೋಗಿ, ಅವನ್ನೆಲ್ಲ ಒಂದು ಪ್ರೋಗ್ರಾಂ ಆಗಿ ಜೋಡಿಸುವ ಲಿಂಕರ್ ಸತ್ತಿತು. ಅದು ನನ್ನದೇ ದುರಾಸೆ, ಬಿಡಿ.

ತಲೆ ತಿಂದದ್ದು ಆಮೇಲಿನದು. ರಿಲೀಸ್ ಬಿಲ್ಡ್ ಕೂಡ ಶೇಕಡಾ 90 ದಾಟಿದ ಮೇಲೆ ಸಾಯುತ್ತಿತ್ತು. ಪರದೆಯಲ್ಲಿ 'ಕಿಲ್ಡ್' ಅಂತ ಒಂದೇ ಪದ. ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಲಾಗ್ ತೆಗೆದರೆ, ಮೆಮೊರಿ ಮುಗಿದಾಗ ಪ್ರೋಸೆಸ್ ಕೊಲ್ಲುವ ಓಓಎಂ ಕಿಲ್ಲರ್ ಸಹಿ. ಪ್ಯಾರಲಲ್ ಲಿಂಕ್ ಜಾಬ್ಸ್ 1 ಅಂತ ಕೊಟ್ಟಿದ್ದೆ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) 4 ಜಿಬಿ ಇಟ್ಟಿದ್ದೆ. ಒಂದು ಲಿಂಕ್‌ಗೆ ಇಷ್ಟು ಸಾಲದಾ?

ನಾಲ್ಕು ರಾತ್ರಿ ಲಿಂಕರ್‌ಗೆ ಬೈದೆ. ಬಿಎಫ್‌ಡಿ ಲಿಂಕರ್ ಬಿಟ್ಟು ಎಲ್‌ಎಲ್‌ಡಿ ಲಿಂಕರ್ ಹಾಕಿದೆ. ಮೆಮೊರಿಯಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಪಾಲನ್ನು 16 ಎಂಬಿಗೆ ಇಳಿಸಿದೆ. ಆಮೇಲೆ ಸುಮ್ನೆ ಒಮ್ಮೆ, ಮೆಮೊರಿ ಲೆಕ್ಕ ತೋರಿಸುವ 'ಫ್ರೀ' ಕಮಾಂಡ್ ಓಡಿಸಿ ನೋಡಿದರೆ ಸ್ವಾಪ್ ಇರುವುದೇ 2 ಜಿಬಿ! 4096 ಎಂಬಿ ಅಂತ ಬರೆದವನು ನಾನೇ. ಆದರೆ ಸ್ವಾಪ್ ಮಾಡಿಕೊಡುವ ಡಿಫಿಸ್ ಸ್ವಾಪ್‌ಫೈಲ್‌ನ ಕಾನ್ಫಿಗ್‌ನಲ್ಲಿ ಮ್ಯಾಕ್ಸ್‌ಸ್ವಾಪ್ ಅಂತ ಇನ್ನೊಂದು ಸಾಲಿದೆ. ಮುಟ್ಟದಿದ್ದರೆ ಅದು 2048. ಜಾಸ್ತಿ ಕೇಳಿದರೆ ಕತ್ತರಿಸಿ ಕೊಡುತ್ತದೆ.

ಎರಡನೇ ಕಳ್ಳ ನಿಂಜಾ, ಅಂದರೆ ಬಿಲ್ಡ್ ಕೆಲಸಗಳನ್ನು ಹಂಚಿ ಓಡಿಸುವ ಸಾಧನ. ಲಿಂಕ್ ಜಾಬ್ಸ್ 1 ಅಂದರೆ ಎರಡು ಲಿಂಕ್ ಒಟ್ಟಿಗೆ ನಡೆಯುವುದಿಲ್ಲ, ಅಷ್ಟೇ. ಕಂಪೈಲ್‌ಗಳಿಗೆ ಆ ಕಟ್ಟುಪಾಡಿಲ್ಲ. ನಾವೇನೂ ಹೇಳದಿದ್ದರೆ ನಿಂಜಾ ನಾಲ್ಕು ಕೋರ್‌ಗೆ ಎರಡು ಸೇರಿಸಿ ಆರು ಕೆಲಸ ಹಚ್ಚುತ್ತದೆ. ಅಂದರೆ ಲಿಂಕರ್ ಊಟಕ್ಕೆ ಕೂತ ಎಲೆಗೇ, ಸಿ++ ಕಂಪೈಲ್ ಮಾಡುವ ಐದು ಸಿಸಿ1ಪ್ಲಸ್‌ಗಳು ಕೈ ಹಾಕುತ್ತಿದ್ದವು. ಅನ್ನ ಮುಗಿದಾಗ ಕರ್ನಲ್ ಸಾಮಾನ್ಯವಾಗಿ ಕತ್ತು ಹಿಡಿಯುವುದು ಜಾಸ್ತಿ ತಿಂದವನದನ್ನೇ. ಪಾಪ, ಲಿಂಕರ್.

ಈಗಿನ ಪದ್ಧತಿ ಹೀಗೆ. ರಾತ್ರಿ ನಿಂಜಾಗೆ ಮೂರು ಜಾಬ್, ಜೊತೆಗೆ 'ಕೆ 0' ಆಯ್ಕೆ. ಯಾವುದು ಸತ್ತರೂ ಉಳಿದದ್ದು ನಡೆಯುತ್ತಿರುತ್ತದೆ. ಬೆಳಗ್ಗೆ ಎದ್ದು ಒಂದೇ ಜಾಬ್ ಕೊಟ್ಟು ಮತ್ತೆ ಓಡಿಸಿದರೆ, ರಾತ್ರಿ ಬಿದ್ದವು ಒಂದೊಂದಾಗಿ ಏಳುತ್ತವೆ. ಮೊಂಡು ಉಪಾಯ, ಆದರೆ ಕೆಲಸ ಮಾಡಿತು.

ನಡುವೆ ಅಡಾಪ್ಟರ್ ಪುರಾಣ. ಸ್ವಾಪ್‌ನ ಹೊಡೆತಕ್ಕೆ ಮೆಮೊರಿ ಕಾರ್ಡ್ ಕೈಕೊಟ್ಟಿತು ಅಂತ ಹಳೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಿಕ್ಕಿಸಿದೆ. ಡಿಸ್ಕ್ ತಿರುಗಲು ಶುರುಮಾಡಿದರೆ ಸಾಕು, ಪರದೆ ಮೂಲೆಯಲ್ಲಿ ವೋಲ್ಟೇಜ್ ಸಾಲದು ಅನ್ನುವ ಮಿಂಚಿನ ಗುರುತು. ಎಸ್‌.ಪಿ. ರೋಡಿನಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಕೊಂಡ ಅಡಾಪ್ಟರ್ ಮೇಲೆ 3 ಆಂಪ್ ಅಂತ ಅಚ್ಚಾಗಿದೆ. ವಾಪಸ್ ಒಯ್ದರೆ ಅಂಗಡಿಯವರು, "ಅಡಾಪ್ಟರ್ ಸರಿ ಇದೆ ಸಾರ್, ನಿಮ್ಮ ಬೋರ್ಡೇ ಜಾಸ್ತಿ ಕುಡಿಯುತ್ತೆ" ಅಂದರು. ಕೊನೆಗೆ ಡಿಸ್ಕ್‌ಗೆ ಬೇರೆ ಪವರ್ ಇರುವ ಯುಎಸ್‌ಬಿ ಹಬ್ ತಂದೆ. ಅದರ ದುಡ್ಡಿಗೆ ಇನ್ನಷ್ಟು ಸೇರಿಸಿದ್ದರೆ ದೊಡ್ಡ ಪೈ ಬರುತ್ತಿತ್ತು.

ಮುಂದಿನ ಬಲಿ ಅಟ್ಟದ ಮೇಲಿರುವ 32 ಬಿಟ್ ನೆಟ್‌ಬುಕ್. ಅಲ್ಲಿ ಎಷ್ಟು ಸ್ವಾಪ್ ಸುರಿದರೂ ಒಂದು ಪ್ರೋಸೆಸ್‌ಗೆ ಸುಮಾರು 3 ಜಿಬಿಗಿಂತ ಜಾಸ್ತಿ ಮೆಮೊರಿ ವಿಳಾಸ ಸಿಗುವುದಿಲ್ಲ. ಹಾಗಾಗಿ ಡೀಬಗ್ ಆಸೆ ಮೊದಲೇ ಬಿಟ್ಟಿದ್ದೇನೆ. ಸದ್ಯಕ್ಕೆ ಅದರ ಚಾರ್ಜರ್ ಕಾಣೆಯಾಗಿದೆ. ಶನಿವಾರ ಮತ್ತೆ ಅದೇ ಅಂಗಡಿಗೆ ಹೋಗಬೇಕು.